ಕೆಂಪು ತಂತಿ, ಕಪ್ಪು ತಂತಿ

ಡ್ರಾಯಿಂಗ್ ಮೇಷ್ಟ್ರು ಕಣ್ಣು ತೆರೆದುಕೊಂಡೇ ಸತ್ತಿದ್ದರು.

ಎರಡು ವರ್ಷದ ಹಿಂದೆ ಕಾರು ಅಪಘಾತದಲ್ಲಿ ಕುತ್ತಿಗೆ ಮುರಿದು, ಅಲ್ಲಿಂದ ಕೆಳಗೆ ಮೈಯಲ್ಲಿ ಸ್ವಾಧೀನವಿರಲಿಲ್ಲ. ಮಂಚದ ಪಕ್ಕದ ಯಂತ್ರವೇ ಅವರಿಗೆ ಉಸಿರು ತುಂಬುತ್ತಿತ್ತು. ಕರೆಂಟ್ ಹೋದರೆ ಬ್ಯಾಟರಿಯಿಂದ ಓಡುತ್ತಿತ್ತು. ಇವತ್ತು ಬೆಳಗ್ಗೆ ಇಡೀ ಬೀದಿಗೆ ಕರೆಂಟ್ ಹೋಯಿತು. ಯಂತ್ರವೂ ನಿಂತಿತು.

ಇನ್‌ಸ್ಪೆಕ್ಟರ್ ಮಂಡಿಯೂರಿ ನೋಡಿದಳು. ಸುಟ್ಟ ಪ್ಲಾಸ್ಟಿಕ್ ವಾಸನೆ. ಕೆಂಪು ತಂತಿ ಬ್ಯಾಟರಿಯ ಮೈನಸ್‌ಗೆ, ಕಪ್ಪು ತಂತಿ ಪ್ಲಸ್‌ಗೆ; ಪೂರ್ತಿ ಉಲ್ಟಾ.

"ಇದನ್ನ ಹಾಕಿದ್ದು ಯಾರು?"

"ಬ್ಯಾಟರಿ ಅಂಗಡಿಯವನು. ನಿನ್ನೆ ಹೊಸದು ಹಾಕಿ ಹೋದ," ಎಂದಳು ಮೇಷ್ಟ್ರ ಹೆಂಡತಿ. "ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಎಲ್ಲಾ ಮುಗಿದುಹೋಗಿತ್ತು. ಆ ಬ್ಯಾಟರಿ ಹತ್ರಾನೂ ನಾನು ಹೋಗಲ್ಲ ಮೇಡಂ, ಭಯ."

*

ಬ್ಯಾಟರಿ ಅಂಗಡಿಯವನು ಬೆವರುತ್ತಿದ್ದ.

"ಪ್ಲಸ್ ಮೈನಸ್ ನೋಡದೆ ನಾನು ಟಾರ್ಚ್‌ಗೂ ಸೆಲ್ ಹಾಕಲ್ಲ ಮೇಡಂ. ಮೀಟರ್ ಇಟ್ಟು ನೋಡಿದೆ. ಮೇನ್ ಆಫ್ ಮಾಡಿ, ಬ್ಯಾಟರಿ ಮೇಲೇ ಮಿಷನ್ ಓಡಿಸಿ ತೋರಿಸ್ದೆ."

"ಯಾರಿಗೆ?"

"ಮೇಷ್ಟ್ರ ಮನೆ ಅಮ್ಮನಿಗೆ. ಉಲ್ಟಾ ಕೊಟ್ರೆ ಒಳಗಡೆ ಎಲ್ಲಾ ಸುಟ್ಟು ಕರಕಲಾಗತ್ತೆ, ಯಾರೂ ಕೈ ಹಾಕ್ಬೇಡಿ ಅಂತ ಬಿಡಿಸಿ ಹೇಳ್ದೆ."

"ಓಡಿಸಿ ನೋಡ್ಲೇ ಇಲ್ಲ ಅಂತಾರೆ ಅವರು."

"ಸುಳ್ಳು ಮೇಡಂ," ಎಂದ ಅವನು.

ಮೇಷ್ಟ್ರ ತಮ್ಮನಿಗೆ ಮಿಕ್ಸಿ ರಿಪೇರಿ ಅಂಗಡಿಯಿತ್ತು. ತಂತಿ ವಿಷಯ ಅವನಿಗೂ ಗೊತ್ತು. ಆದರೆ ಕರೆಂಟ್ ಹೋದಾಗ ಅವನು ಅಂಗಡಿಯ ಮುಂದೆ ಹತ್ತು ಜನರ ನಡುವೆ ಹರಟೆ ಹೊಡೆಯುತ್ತಿದ್ದ.

*

ಇನ್‌ಸ್ಪೆಕ್ಟರ್ ಮತ್ತೆ ಆ ಮನೆಗೆ ಬಂದಳು. ಹೆಂಡತಿಯ ಎಡಗೈ ಉಂಗುರದ ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾಯ್ತು?"

"ಬಿಸಿ ಪಾತ್ರೆ ತಗುಲ್ತು."

"ಬಿಚ್ಚಿ."

ಬೆರಳಿನ ಸುತ್ತ ಬಳೆಯಂತೆ ಒಂದು ಸುಟ್ಟ ಗೆರೆ. ಮೇಲೂ, ಕೆಳಗೂ.

"ಪಾತ್ರೆ ಒಂದು ಕಡೆ ಸುಡತ್ತೆ ಅಮ್ಮ, ಸುತ್ತಲೂ ಅಲ್ಲ," ಎಂದಳು ಇನ್‌ಸ್ಪೆಕ್ಟರ್. "ಪ್ಲಸ್ ಬಿಚ್ಚೋವಾಗ ಸ್ಪ್ಯಾನರ್‌ಗೂ ಮೈನಸ್‌ಗೂ ನಡುವೆ ನಿಮ್ಮ ಉಂಗುರ ತಗುಲ್ತು. ಬ್ಯಾಟರಿಯ ಕರೆಂಟೆಲ್ಲ ಅದರಲ್ಲಿ ಹರಿದು ಉಂಗುರ ಕೆಂಡ ಆಯ್ತು. ಹತ್ರಾನೂ ಹೋಗದವರಿಗೆ ಈ ಗಾಯ ಎಲ್ಲಿಂದ ಬಂತು? ತಂತಿ ಬಿಚ್ಚಿದ್ರೆ ಸಾಕಿತ್ತು, ಅವರು ಸಾಯ್ತಿದ್ರು. ಉಲ್ಟಾ ಹಾಕಿದ್ದು, ತಪ್ಪು ಅಂಗಡಿಯವನ ತಲೆ ಮೇಲೆ ಬೀಳ್ಲಿ ಅಂತ. ದಾರಿ ತೋರಿಸಿದ್ದೂ ಅವನ ಎಚ್ಚರಿಕೆ ಮಾತೇ."

ಹೆಂಡತಿ ಬೆರಳನ್ನೇ ನೋಡುತ್ತಾ ನಿಂತಳು.

"ಅವರ ಸಂಕಟ ನೋಡೋಕಾಗ್ಲಿಲ್ವಾ?" ಇನ್‌ಸ್ಪೆಕ್ಟರ್ ದನಿ ತಗ್ಗಿಸಿದಳು.

"ಸಂಕಟಾನಾ?" ಅವಳು ತಲೆಯೆತ್ತಿದಳು. "ಕುಡಿದು ಕಾರು ಓಡಿಸಿದ. ಪಕ್ಕದಲ್ಲಿದ್ದ ನನ್ನ ಮಗಳು ಸತ್ತಳು, ಅವನು ಉಳಿದ. ಅವನ ಸಂಕಟ ನೋಡೋಕೇ ಎರಡು ವರ್ಷ ಅವನನ್ನ ಸಾಕಿದೆ. ದಿನಾ ಬೆಳಗ್ಗೆ ಅವಳ ಫೋಟೋ ಕಣ್ಣ ಮುಂದೆ ಹಿಡೀತಿದ್ದೆ. ಮೊನ್ನೆ ಇವನ ತಮ್ಮ ಬಂದು ಏನೋ ಜೋಕ್ ಹೇಳ್ದ. ಇವನು ನಕ್ಕ. ನನ್ನ ಮಗಳು ಮಣ್ಣಲ್ಲಿ, ಇವನು ನಗ್ತಾನೆ."

ಅವಳು ಮಂಚದ ಕಡೆ ತಿರುಗಿದಳು.

"ಕರೆಂಟ್ ಹೋಗ್ತಿದ್ದ ಹಾಗೇ ತಂತಿ ಬಿಚ್ಚಿ ಅವನ ಎದುರಿಗೇ ಕೂತೆ. ಈಗ ನಗು ಅಂದೆ."

ಬಾಗಿಲಲ್ಲಿ ನಿಂತಿದ್ದ ಮೈದುನ ಒಳಗೆ ಬಂದ. "ಅತ್ತಿಗೆ, ನಾನು ಸುಮ್ನೆ..."

"ಹೂಂ. ನೀನು ಚೆನ್ನಾಗಿ ನಗಿಸ್ತೀಯ ಕಣೋ," ಎಂದಳು ಅವಳು, ಚಪ್ಪಲಿ ಮೆಟ್ಟಿಕೊಳ್ಳುತ್ತಾ.