ಪಕ್ಕದಲ್ಲಿದ್ದವಳು

"ಅಂಕಿ ನೋಡಬೇಡಿ ಅಂದೆನಲ್ಲ!"

ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಜೊತೆ ಕೆಲಸದವನು ಹೀಗೆ ಗದರಿದಾಗ ಅವಳ ಮುಖ ಕೆಂಪಾಯಿತು. ಎದುರಿಗೆ ರೋಗಿ ಬೇರೆ ಕೂತಿದ್ದರು!

"ನೋಡಿಲ್ಲ ರೀ... ಬಗ್ಗಿದೆ ಅಷ್ಟೆ."

"ಕುತ್ತಿಗೆ ಅಷ್ಟುದ್ದ ಚಾಚಿದ್ರಲ್ಲ, ಅದಕ್ಕೆ ಬಗ್ಗೋದು ಅಂತಾರಾ?"

ಕಣ್ಣಿನೊಳಗಿನ ಒತ್ತಡ ಅಳೆಯುವ ಸಂಶೋಧನೆ ಅದು. ಒತ್ತಡ ಏರಿದರೆ ಗ್ಲಾಕೋಮಾ ಬರಬಹುದು. ಬಂದರೆ ನೋಟ ಸದ್ದಿಲ್ಲದೆ ಅಂಚಿನಿಂದ ಸವೆಯುತ್ತದೆ. ಉಪಕರಣದ ಗುಂಡಿ ತಿರುಗಿಸುವುದು ಅವಳ ಕೆಲಸ, ಅಂಕಿ ಓದಿ ಬರೆಯುವುದು ಅವನದು. ತಿರುಗಿಸುವವರೇ ಅಂಕಿ ನೋಡಿದರೆ ಮನಸ್ಸು ಬಯಸಿದ ಕಡೆ ಕೈ ನಿಂತುಬಿಡುತ್ತದೆ. ಅದಕ್ಕೇ ಆ ಕಟ್ಟುಪಾಡು.

ಜಗಳದಿಂದ ಶುರುವಾದದ್ದು ಅವಳ ಎದೆಯಲ್ಲಿ ಬೇರೇನೋ ಆಗಿಬಿಟ್ಟಿತು. ಕತ್ತಲು ಕೋಣೆ, ನೀಲಿ ಬೆಳಕು... ಇಬ್ಬರೂ ಬಗ್ಗಿದಾಗ ಅವನ ಉಸಿರು ಮುಂಗೈಗೆ ತಾಗುತ್ತಿತ್ತು.

"ಹ್ಞೂಂ, ಬರೆದೆ," ಅನ್ನುತ್ತಿದ್ದ.

'ಅಷ್ಟೇನಾ? ಇನ್ನೊಂದು ಮಾತು ಆಡಬಾರದಾ?'

"ಯಾರೇ ಅವನು? ಟೀಗೆ ಉಪ್ಪು ಹಾಕಿದ್ದೀಯ!" ಮನೆಯಲ್ಲಿ ಅತ್ತಿಗೆಯ ಗೇಲಿ.

ಒಂದು ಸಂಜೆ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವನ ಎಡಕ್ಕೆ ಬಂದು, ಇದ್ದಬದ್ದ ಧೈರ್ಯ ಒಟ್ಟುಮಾಡಿ, ಮಾತಿಲ್ಲದೆ ಕೈ ಚಾಚಿದಳು. ಅವನು ತಿರುಗಿಯೂ ನೋಡದೆ ಇಳಿದುಹೋದ!

'ಇಷ್ಟು ಸೊಕ್ಕಾ?'

ಮರುದಿನವೇ ಸಂಶೋಧನೆ ನಡೆಸುವ ಡಾಕ್ಟರಮ್ಮನನ್ನು ಕೇಳಿ ಬೇರೆ ಕೋಣೆಗೆ ಹೋದಳು. ಆದರೆ ಗೋಡೆಯಾಚೆ ಅವನು ಕೆಮ್ಮಿದರೂ ಅವಳ ಕೈ ಗುಂಡಿಯ ಮೇಲೆ ನಿಂತುಬಿಡುತ್ತಿತ್ತು. 'ಬೇಡ ಅಂದವನನ್ನು ಈ ಕಿವಿ ಯಾಕೆ ಹುಡುಕುತ್ತೆ?'

ಒಂದು ಮಧ್ಯಾಹ್ನ ಹಜಾರದಲ್ಲಿ ಅವನು ಅರೆ ತೆರೆದ ಬೀರುವಿನ ಬಾಗಿಲಿಗೆ ಎಡಭುಜ ಬಡಿದುಕೊಂಡ. ಪಕ್ಕಕ್ಕೆ ಬಿದ್ದ ಪೆನ್ನಿಗಾಗಿ ಕುತ್ತಿಗೆ ಪೂರ್ತಿ ತಿರುಗಿಸಿ ತಡಕಾಡಿದ.

ದೂರದಿಂದ ನೋಡುತ್ತಿದ್ದ ಅವಳಿಗೆ ಹೊಳೆಯಿತು. ಗ್ಲಾಕೋಮಾ ಬಂದ ಅವಳ ರೋಗಿಗಳೂ ಹೀಗೇ ಹುಡುಕುತ್ತಾರೆ!

ದಿನವೆಲ್ಲ ಕಂಡವರ ಕಣ್ಣು ಅಳೆದವಳು ಪಕ್ಕದವನ ಕಾಯಿಲೆಯನ್ನು ಸೊಕ್ಕು ಅಂದುಕೊಂಡಿದ್ದಳು. ಪೆದ್ದಿ!

ನೇರ ಎದುರಿಗೆ ಹೋಗಿ ನಿಂತಳು.

"ಎಷ್ಟು ದಿನದಿಂದ?"

ಅವನು ತಲೆ ತಗ್ಗಿಸಿದ. "ಯಾರು ಹೇಳಿದ್ರು?"

"ಯಾರೂ ಹೇಳಬೇಕಿಲ್ಲ. ಅವತ್ತು ಮೆಟ್ಟಿಲ ಮೇಲೆ ನಿಮ್ಮ ಎಡಕ್ಕೆ ಕೈ ಚಾಚಿದ್ದೆ. ಕಂಡಿತ್ತಾ?"

"ನನಗಾ...? ಅಯ್ಯೋ! ಕಂಡಿದ್ರೆ ಬಿಡ್ತಿದ್ನಾ?"

"ಕಾಯಿಲೆ ಇದೆ ಅಂತ ಹೇಳೋಕೇನಾಗಿತ್ತು?"

"ಹೇಳಿದ್ರೆ ಅಯ್ಯೋ ಪಾಪ ಅಂತಿದ್ರಿ. ನಿಮ್ಮ ಬಾಯಲ್ಲಿ ಅದನ್ನು ಕೇಳೋಕೆ ಆಗ್ತಿರಲಿಲ್ಲ..."

"ಔಷಧ ಹಾಕ್ತಿದ್ದೀರಾ?"

"ಕೆಲವು ಸಲ..."

"ಏನ್ರೀ! ಹೋದ ನೋಟ ವಾಪಸ್ ಬರಲ್ಲ ಅಂತ ಎಲ್ಲರಿಗೂ ಬುದ್ಧಿ ಹೇಳೋರು ನೀವೇ ಅಲ್ವಾ?"

"ಹನಿ ಹಾಕಿ ಒಬ್ಬನೇ ಕಣ್ಣು ಮುಚ್ಚಿ ಕೂರಬೇಕು. ತೆರೆದಾಗ ಏನೂ ಕಾಣದಿದ್ರೆ... ಆ ಭಯ."

ಅವಳು ಅವನ ಜೇಬಿನಿಂದ ಔಷಧದ ಸೀಸೆ ಕಿತ್ತುಕೊಂಡು, ಬೆಂಚಿನ ಮೇಲೆ ಕೂರಿಸಿ ಹನಿ ಹಾಕಿದಳು. ಅವನು ಕಣ್ಣು ಮುಚ್ಚಿದ.

"ಇಲ್ಲೇ ಇದ್ದೀರಾ?"

"ಹ್ಞೂಂ. ಇನ್ನು ದಿನಾ ಹನಿ ಹಾಕೋದು ನನ್ನ ಕೆಲಸ. ಜೀವನ ಪೂರ್ತಿ. ಒಪ್ಪಿಗೇನಾ?"

ಮುಚ್ಚಿದ ರೆಪ್ಪೆಯಡಿಯಿಂದ ನೀರಿಳಿಯಿತು.

"ಅಳಬೇಡಿ, ಔಷಧ ಹರಿದುಹೋಗುತ್ತೆ!"

"ನಿಮ್ಮ ದನಿಯೂ ನಡುಗ್ತಿದೆ..."

"ನಾನೇನು ಔಷಧ ಹಾಕಿಕೊಂಡಿದ್ದೀನಾ? ನಾನು ಅಳಬಹುದು. ನೀವು ಸುಮ್ನೆ ಕಣ್ಣು ಮುಚ್ಕೊಂಡಿರಿ!"