ಬಸಲಿಂಗವ್ವನ ಕೈ

ಶಾಲ್ಮಲಾ ಕೈಗವಸಿನ ಹೆಬ್ಬೆರಳ ತಂತಿಯನ್ನು ಬಿಗಿ ಮಾಡುತ್ತಿದ್ದಳು. ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ನಾಲ್ವರ ಸೂಜಿಗಳು ಒಂದೇ ಲಯದಲ್ಲಿ ಏಳುತ್ತ ಇಳಿಯುತ್ತ ಇದ್ದವು. ೨೦೫೭ರ ಧಾರವಾಡ. ಗವಸು ಅವಳದೇ ಸೃಷ್ಟಿ. ಬಸಲಿಂಗವ್ವನೆಂಬ ಹಿರಿಯ ಕಸೂತಿಗಾರ್ತಿಯ ಬೆರಳುಗಳ ಚಲನೆಯೆಲ್ಲ ಅದರಲ್ಲಿ ದಾಖಲಾಗಿತ್ತು. ಕಲಿಯುವವರ ಬೆರಳು ತಪ್ಪು ಮಾಡುವ ಮೊದಲೇ ಒಳಗಿನ ಪುಟ್ಟ ಮೋಟಾರುಗಳು ಹಿಡಿದು ನಿಲ್ಲಿಸುತ್ತಿದ್ದವು. ಎರಡು ವರ್ಷದ ವಿದ್ಯೆ ಇಪ್ಪತ್ತು ದಿನಕ್ಕೆ ಇಳಿದಿತ್ತು. ಎರಡು ದಿನ ಕಳೆದರೆ ಮುನ್ನೂರು ಶಾಲೆಗಳಿಗೆ ಗವಸುಗಳು ಹೋಗಲಿದ್ದವು.

ಐದನೆಯವಳು ಇರ್ಫಾನಾ ಮಾತ್ರ ಸೂಜಿ ಕೆಳಗಿಟ್ಟಿದ್ದಳು. ಕಂಪ್ಯೂಟರ್ ಬಲ್ಲ ಹುಡುಗಿ. ಕೆಲಗೇರಿ ಕೆರೆಯ ಹಕ್ಕಿಗಳ ಹಾರಾಟವನ್ನು ಅಳೆದು, ಅದನ್ನೇ ಕಸೂತಿಗೆ ಇಳಿಸುವ ಆಸೆ ಹೊತ್ತು ಶಾಲ್ಮಲಾಳ ಬಳಿ ಕಲಿಯಲು ಬಂದವಳು.

“ಯಾಕವಾ, ಹಕ್ಕಿ ಹಾರಿ ಹೋದ್ವೇನು?” ಎಂದಳು ಶಾಲ್ಮಲಾ.

“ಬಿಟ್ರ ಹಾರ್ತಾವ್ರಿ ಮೇಡಂ. ನಿಮ್ಮ ಗವಸು ಕೈ ಹಿಡದು ಜಗ್ತೈತಿ.”

“ಜಗ್ಗಬೇಕಲ್ಲ. ಗವಂತಿ ಹೊಲಿಗಿ ಅಂದ್ರ ಬಿಟ್ಟ ಜಾಗ ತುಂಬಿಕೋತ, ಗಂಟಿಲ್ಲದ ಹೊಂಟಲ್ಲಿಗೇ ತಿರುಗಿ ಬರಬೇಕು. ನಡುವ ಸಿಕ್ಕೊಂಡಿ ಅಂದ್ರ ಎಲ್ಲಾ ಬಿಚ್ಚಬೇಕಾಗ್ತದ.”

“ಬಿಚ್ತೀನ್ರಿ. ಎಲ್ಲಿ ಸಿಕ್ಕೊಳ್ತೀನಿ ಅಂತ ನೋಡಬೇಕಾಗೇತಿ ನನಗ. ಅಷ್ಟನ್ನೂ ಬಿಡವಲ್ದು ಇದು.” ಅವಳು ಗವಸು ಕಳಚಿದಳು. “ನಾ ಊರಿಗೆ ಹೋಗ್ತೀನ್ರಿ. ಅದ ಆನಿ, ಅದ ಗೋಪುರ ಹಾಕಾಕ ನಾನ ಯಾಕ ಬೇಕು?”

ಶಾಲ್ಮಲಾ ಕೈಲಿದ್ದ ಗವಸನ್ನು ಕೆಳಗಿಟ್ಟಳು. ಒಳಕೋಣೆಗೆ ಹೋಗಿ ಹಳೆಯ ದಾಖಲೆ ತೆರೆದಳು.

೨೦೨೭. ಬಸಲಿಂಗವ್ವನಿಗೆ ಎಪ್ಪತ್ತು, ತನಗೆ ಇಪ್ಪತ್ತೈದು. ಎಂಬತ್ತು ಗಂಟೆ ಆ ಕೈಯನ್ನು ಚಿತ್ರೀಕರಿಸಿಕೊಂಡಿದ್ದಳು. ಅದರಲ್ಲಿ ಮೂವತ್ತೊಂದು ಗಂಟೆ ಮುದುಕಿ ಹೊಲಿದೇ ಇರಲಿಲ್ಲ. ಸಿಕ್ಕಿಕೊಂಡಿದ್ದಳು, ಬಿಚ್ಚಿದ್ದಳು, ಬಟ್ಟೆಯನ್ನು ತಿರುವಿ ಮುರುವಿ ಗೊಣಗಿದ್ದಳು. ಆಮೇಲೆ ಯಾರೂ ಹೋಗದ ಕಡೆಯಿಂದ ಸೂಜಿ ತಿರುಗಿ ಬಂದಿತ್ತು. ಆಗ ಎಲ್ಲರಿಗೂ ಎಲ್ಲವೂ ಸರಾಗವಾಗಬೇಕಿತ್ತು. ಆ ಮೂವತ್ತೊಂದು ಗಂಟೆಗಳನ್ನು ಶಾಲ್ಮಲಾ ಗವಸಿಗೆ ಸೇರಿಸದೆ, ಕಸವೆಂದು ಕತ್ತರಿಸಿ ಬೇರೆ ಇಟ್ಟಿದ್ದಳು.

“ನಾ ಕುಂತು ವಿಚಾರ ಮಾಡಿದ್ದೆಲ್ಲಾ ಎಲ್ಲಿ ಒಗದಿ, ತಂಗಿ?” ಎಂದು ಬಸಲಿಂಗವ್ವ ನಕ್ಕಿದ್ದಳು. ಶಾಲ್ಮಲಾಳೂ ನಕ್ಕಿದ್ದಳು, ತಮಾಷೆಯೆಂದುಕೊಂಡು.

ಕತ್ತರಿಸಿದ್ದನ್ನೆಲ್ಲ ಮುನ್ನೂರು ಶಾಲೆಗಳ ಗವಸುಗಳಿಗೂ ಮರಳಿ ಸೇರಿಸಬೇಕೆಂದು ಅವಳು ಈಗ ನಿಶ್ಚಯಿಸಿದಳು. ಗವಸು ಇನ್ನು ತಡವರಿಸುತ್ತದೆ. ದಾರಿ ಕಾಣದಲ್ಲಿ ಬೆರಳನ್ನು ಬಿಟ್ಟುಬಿಡುತ್ತದೆ. ಇಪ್ಪತ್ತು ದಿನದ ಮಾತು ಸುಳ್ಳಾಗುತ್ತದೆ, ತನ್ನ ಹೆಸರು ಹೋಗುತ್ತದೆ. ಗೊತ್ತಿತ್ತು.

ಹೊರಗೆ ಇರ್ಫಾನಾ ಚೀಲ ಕಟ್ಟುತ್ತಿದ್ದಳು.

“ನಾಳೆ ಒಂದಿನ ನಿಲ್ಲವಾ,” ಎಂದಳು ಶಾಲ್ಮಲಾ. ಕೆಳಗಿಟ್ಟಿದ್ದ ಗವಸನ್ನೆತ್ತಿ ಹೆಬ್ಬೆರಳ ತಂತಿಯನ್ನು ಸಡಿಲ ಮಾಡತೊಡಗಿದಳು.