ಕ್ಲಾರಿನೆಟ್ಟಿನೊಳಗೆ ಹೊಕ್ಕ ಸುಯ್ಯಾಸುರ

ಬಹಳ ಬಹಳ ಹಿಂದೆ, ಚಂದ್ರನಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಮೊಗ್ಗಿನಕೋಟೆ ಎಂಬ ರಾಜ್ಯವಿತ್ತು. ಎಲ್ಲಿತ್ತು ಅಂತ ಕೇಳಬೇಡಿ. ದಾರಿ ಬಲ್ಲವನು ಈಗ ನಾನೊಬ್ಬನೇ, ನನಗೋ ಮೊಣಕಾಲು ನೋವು.

ಆ ರಾಜ್ಯದ ಅರಮನೆಯಲ್ಲಿ ಒಂದು ಕ್ಲಾರಿನೆಟ್ ಇತ್ತು. ಕರಿಮರದ ಕೊಳವೆ, ಬೆಳ್ಳಿಯ ಕೀಲಿಗಳು. ತಿಮ್ಮಾಜಿ ಎಂಬುವಳು ದಿನಾ ಬೆಳಗ್ಗೆ ಅದನ್ನು ನುಡಿಸುತ್ತಿದ್ದಳು. ಆ ನಾದ ಕೇಳಿದರೆ ಹಾಲು ಒಡೆಯುತ್ತಿರಲಿಲ್ಲ, ಇಡ್ಲಿ ಕಲ್ಲಾಗುತ್ತಿರಲಿಲ್ಲ, ಸುಯ್ಯಾಸುರನೆಂಬ ಗಾಳಿಮಾಂತ್ರಿಕ ಕೋಟೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಆ ವಾದ್ಯ ಕೆಟ್ಟರೆ ಸರಿಮಾಡುವವನು ತಿಮ್ಮಾಜಿಯ ತಮ್ಮ ದೇವೀರ.

ಹೀಗಿರಲು ಆಯುಧಪೂಜೆ ಬಂತು. ಮಂತ್ರಿ ಹಂಪಯ್ಯ ಮಹಾ ಭಕ್ತ. "ಕತ್ತಿಗೂ ಪೂಜೆ, ಗಾಡಿಗೂ ಪೂಜೆ. ಈ ಕ್ಲಾರಿನೆಟ್ಟು ಏನು ಪಾಪ ಮಾಡಿದೆ?" ಎಂದು ಅದಕ್ಕೆ ಹಾಲಿನ ಅಭಿಷೇಕ ಮಾಡಿಸಿದ. ಆಮೇಲೆ ಜೇನುತುಪ್ಪ. ಆಮೇಲೆ ಎಳನೀರು. ತೂತು ಮುಚ್ಚುವ ಪುಟ್ಟ ಮೆತ್ತೆಗಳು ಊದಿಕೊಂಡು ಕೊಳೆತವು. ಕೀಲಿ ಎತ್ತುವ ಸ್ಪ್ರಿಂಗು ತುಕ್ಕು ಹಿಡಿದು ಮುರಿಯಿತು. ಕೊಳವೆಯ ತುಂಡುಗಳು ಸೇರುವ ಕಡೆ ಸುತ್ತಿದ್ದ ಬೆಂಡು ಹಿಟ್ಟಾಯಿತು.

ಮರುಬೆಳಗ್ಗೆ ತಿಮ್ಮಾಜಿ ಊದಿದರೆ ಬಂದದ್ದು "ಕೀಂಯ್!" ಗಾಳಿ ಸೋರುವ ಸಂದಿಯಿಂದ ಸುಯ್ಯಾಸುರ ಸುಂಯ್ಯನೆ ಒಳಹೊಕ್ಕ. ಆ ಕೀಂಯ್ ಕೇಳಿದವರೆಲ್ಲ ಬಾತುಕೋಳಿಗಳಾದರು. ರಾಜ, ಮಂತ್ರಿ, ಅಡಿಗೆಯವರು, ಎಲ್ಲರೂ. ದೇವೀರ ಕಿವಿನೋವೆಂದು ಹತ್ತಿ ತುರುಕಿಕೊಂಡು ಮಲಗಿದ್ದ, ಉಳಿದುಕೊಂಡ.

"ಏನೋ ಬಾಯಿ ಬಿಟ್ಕೊಂಡು ನೋಡ್ತಿದ್ದೀಯ? ನಿನ್ನ ಅಕ್ಕ ಕಣೋ ನಾನು!" ಎಂದಿತು ಒಂದು ಬಿಳಿ ಬಾತುಕೋಳಿ.

"ಅಕ್ಕಾ, ಮೂಗು ಸ್ವಲ್ಪ ಚಪ್ಪಟೆಯಾಗಿದೆ."

"ಹಲ್ಲು ಕಿರೀಬೇಡ. ಕೊಳದ ಪಾಚಿ ನೋಡಿದ್ರೆ ನನಗೆ ಬಾಯಲ್ಲಿ ನೀರು ಬರ್ತಿದೆ. ಏನೋ ಎಡವಟ್ಟಾಗ್ತಿದೆ!"

ಕೊಳವೆಯೊಳಗಿಂದ ಸುಯ್ಯಾಸುರ ನಕ್ಕ. "ನಿಮ್ಮಕ್ಕ ನಿನ್ನ ಹೆಸರು ಮರೆತ ಗಳಿಗೆಯೇ ಎಲ್ಲರೂ ಶಾಶ್ವತವಾಗಿ ಬಾತುಕೋಳಿಗಳು! ಈ ಕೊಳವೆ ಇನ್ನು ನನ್ನ ಮನೆ!"

ಸೋರುವ ಸಂದಿಗಳನ್ನೆಲ್ಲ ಮುಚ್ಚಿ ಊದಿದರಷ್ಟೇ ಇವನು ಹೊರಬೀಳುವುದು, ಆದರೆ ಅರಮನೆಯ ವಾದ್ಯಕ್ಕೆ ಪೇಟೆಯ ಸಾಮಾನು ಹಿಡಿಸದು. ದೇವೀರ ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ಅಕ್ಕನನ್ನು ಕಂಕುಳಲ್ಲಿಟ್ಟುಕೊಂಡು ಮಾಯಾಕಾಡಿಗೆ ಹೊರಟ.

ಮೊದಲು ಬೆಂಡಿನ ಮರ ಸಿಕ್ಕಿತು. ತೊಗಟೆ ಮುಟ್ಟಲು ಹೋದವರನ್ನು ಕೊಂಬೆಯಲ್ಲಿ ಹಿಡಿದು ಹಿಂಡುವ ಮರ.

"ಮರವೇ ಮರವೇ, ಒಂದು ತುಂಡು ತೊಗಟೆ ಕೊಡು."

"ಕೊಡಲ್ಲ. ಕೈ ಹಾಕಿದ್ರೆ ಹಿಂಡ್ತೀನಿ."

ಮರ ದೇವೀರನನ್ನು ಹಿಡಿದೇಬಿಟ್ಟಿತು. ಆಗ ತಿಮ್ಮಾಜಿ ಹಿಂದಿನಿಂದ ಹಾರಿ ಹೋಗಿ, ಮರದ ಸಂದುಗೊಂದುಗಳಲ್ಲಿ ಗರಿ ಆಡಿಸಿದಳು. ಮರಕ್ಕೆ ಕಚಗುಳಿಯೋ ಕಚಗುಳಿ. ನಕ್ಕೂ ನಕ್ಕೂ ಮೈ ಕೊಡವಿ ದೇವೀರನನ್ನೂ ಉದುರಿಸಿತು, ಒಂದು ಹಾಳೆ ತೊಗಟೆಯನ್ನೂ ಉದುರಿಸಿತು.

"ನಿನ್ನನ್ನ ಎಷ್ಟು ಸಲ ಕಾಪಾಡ್ಬೇಕೋ, ದೇವೀರಾ?" ಎಂದಳು ತಿಮ್ಮಾಜಿ.

ಎರಡನೆಯದಾಗಿ ಎದುರಾಯಿತು ಉಕ್ಕಿನ ಮುಳ್ಳುಹಂದಿ. ಮೈಯೆಲ್ಲ ಸೂಜಿ. ಅದು ಗುರ್ರೆಂದರೆ ಹುಲಿಯೂ ಓಡುತ್ತಿತ್ತು. ಇಂಥದ್ದನ್ನು ನಾನು ಬೆನ್ನು ಕೆರೆದುಕೊಳ್ಳಲು ಸಾಕಿದ್ದೆ, ಅದು ಬೇರೆ ಮಾತು.

"ಮುಳ್ಳುಹಂದಿಯೇ, ಸ್ಪ್ರಿಂಗಿಗೆ ಒಂದು ಮುಳ್ಳು ಕೊಡು."

"ಹತ್ತಿರ ಬಾ ನೋಡೋಣ," ಎಂದು ಗುರ್ರೆಂದಿತು.

ದೇವೀರ ಓಡಲಿಲ್ಲ. ಅದು ಕುಂಟುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ನೋಡಿದರೆ ಅದರ ಪಾದಕ್ಕೆ ಅದರದೇ ಮುಳ್ಳು ನಾಟಿದೆ! ಇಕ್ಕಳ ತೆಗೆದು ಮೆಲ್ಲಗೆ ಕಿತ್ತ.

"ಅಯ್ಯೋ, ಹಾಯೆನಿಸ್ತು! ಎಲ್ಲ ಓಡೋರೇ, ನಿಂತು ಕಾಲು ನೋಡಿದೋನು ನೀನೊಬ್ಬನೇ. ಅದನ್ನೇ ಇಟ್ಕೋ," ಎಂದಿತು ಮುಳ್ಳುಹಂದಿ.

"ಭೇಷ್," ಎಂದಳು ತಿಮ್ಮಾಜಿ. "ಭೇಷ್, ಏನಪ್ಪಾ ನಿನ್ನ ಹೆಸರು... ಹಾಂ, ದೇವೀರ."

ದೇವೀರ ಅಕ್ಕನನ್ನು ಮತ್ತೆ ಕಂಕುಳಿಗೆ ಏರಿಸಿದ. ಓಡೋಡಿ ಸರೋವರಕ್ಕೆ ಬಂದ. ಮೆತ್ತೆಗೆ ಹೊದಿಸುವ ತೆಳುಪೊರೆ ಅಲ್ಲಿನ ಗುಡ್ಡದಂಥ ಮೀನಿನ ಹೊಟ್ಟೆಯೊಳಗಿತ್ತು. ಕೇಳುವ ಮೊದಲೇ ಮೀನು ಇಬ್ಬರನ್ನೂ ಗುಳುಂ ಮಾಡಿತು. ಒಳಗೆ ನೋಡಿದರೆ ಮೀನಿನ ಗಾಳಿಚೀಲ ಕುಂಬಳದ ಹಾಗೆ ಉಬ್ಬಿದೆ, ಮೇಲಿನ ಪೊರೆ ಬೆಂದ ಮೊಟ್ಟೆಯ ಸಿಪ್ಪೆಯಂತೆ ತಾನೇ ಬಿಟ್ಟುಕೊಂಡಿದೆ.

"ಮೀನಪ್ಪಾ, ವಾಯು ಜಾಸ್ತಿಯಾಗಿದೆಯಾ?"

"ಮುಳುಗೋಕೇ ಆಗ್ತಿಲ್ಲ ಮಾರಾಯಾ!"

ದೇವೀರ ಪೊರೆ ಸುಲಿದುಕೊಂಡು, ಸೊಂಟದ ಚೀಲದಲ್ಲಿದ್ದ ಓಮಕಾಳನ್ನು ಚೆಲ್ಲಿದ. ಮೀನು ತೇಗಿತು ನೋಡಿ! ಇಬ್ಬರೂ ಹಾರಿ ಹೋಗಿ ಬಿದ್ದದ್ದು ನೇರ ಅರಮನೆಯ ಕೊಳದ ದಂಡೆಯಲ್ಲಿ.

ತಿಮ್ಮಾಜಿ ಈಗ ಬೈಯುತ್ತಿರಲಿಲ್ಲ. ಸುಮ್ಮನೆ ಪಾಚಿ ಮೇಯುತ್ತಿದ್ದಳು.

ದೇವೀರ ಕೆಲಸಕ್ಕೆ ಕೂತ. ಬೆಂಡು ಕೊಯ್ದು ಸುತ್ತಿ, ಉಜ್ಜಿ ನುಣುಪು ಮಾಡಿದ. ಉಕ್ಕಿನ ಮುಳ್ಳನ್ನು ಕಾಸಿ, ಬಾಗಿಸಿ, ಕೀಲಿಗೆ ಸಿಕ್ಕಿಸಿದ. ಮೆತ್ತೆಗಳಿಗೆ ಪೊರೆ ಹೊದಿಸಿ, ಅರಗು ಕರಗಿಸಿ ಒಂದೊಂದನ್ನೂ ಕೂರಿಸಿದ. ಕೂರಿಸಿದ ಮೇಲೆ ಈರುಳ್ಳಿಯ ತೆಳು ಸಿಪ್ಪೆಯನ್ನು ಮೆತ್ತೆಯಡಿ ಇಟ್ಟು ಸುತ್ತಲೂ ಎಳೆದು ನೋಡುವುದು ಅವನ ಪದ್ಧತಿ. ಮೆತ್ತೆ ಕಚ್ಚಿ ಹಿಡಿದರೆ ಸರಿ, ಸಿಪ್ಪೆ ಜಾರಿದರೆ ಗಾಳಿ ಸೋರುತ್ತದೆ.

ಹಾಗೆ ಎಳೆದು ನೋಡಲು ಇನ್ನು ಒಂದೇ ಮೆತ್ತೆ ಉಳಿದಿತ್ತು.

"ಅಕ್ಕಾ, ನಾನ್ಯಾರು ಹೇಳು?"

"ಕ್ವಾಕ್... ನೀನು... ದೇ..."

ಸುಯ್ಯಾಸುರ ಬೆಣ್ಣೆಯಂಥ ದನಿ ತೆಗೆದ. "ಅಯ್ಯೋ ಕಂದಾ, ಸಿಪ್ಪೆ ಎಳೀತಾ ಕೂತ್ರೆ ಅಕ್ಕ ಕೈಬಿಟ್ಟು ಹೋಗ್ತಾಳಲ್ಲ! ಎಲ್ಲ ಸರಿಯಾಗಿದೆ. ಊದು, ಈಗಲೇ ಊದು!"

ದೇವೀರ ವಾದ್ಯವನ್ನು ತುಟಿಗೆ ತಂದೇಬಿಟ್ಟ. ಅಷ್ಟರಲ್ಲಿ, ಇವನಿಗ್ಯಾಕೆ ನನ್ನ ಅಕ್ಕನ ಚಿಂತೆ ಎನಿಸಿತು. ಕೆಳಗಿಳಿಸಿ ಸಿಪ್ಪೆ ಎಳೆದ. ಬಲಗಡೆ ಜಾರಿ ಬಂತು! ಮೆತ್ತೆ ಒಂದು ಕೂದಲೆಳೆಯಷ್ಟು ವಾಲಿತ್ತು. ಅತ್ತ ತಿಮ್ಮಾಜಿ ಕೊಳಕ್ಕೆ ಇಳಿಯುತ್ತಿದ್ದಳು. ಇತ್ತ ದೇವೀರ ಅರಗು ಮತ್ತೆ ಕಾಸಿ, ಮೆತ್ತೆಯನ್ನು ನೆಟ್ಟಗೆ ಒತ್ತಿ, ಆರುವವರೆಗೆ ಉಸಿರು ಬಿಗಿಹಿಡಿದು, ಮತ್ತೆ ಎಳೆದ. ಸಿಪ್ಪೆ ಬರಲಿಲ್ಲ, ಹರಿಯಿತು.

ಅವನಿಗೆ ಹಾಡು ಬಾರದು. ರಿಪೇರಿ ಮಾಡುವವರು ಕಡೆಗೆ ಊದಿ ನೋಡುವ ಒಂದೇ ಸ್ವರ ಗೊತ್ತು, ಎಲ್ಲ ತೂತುಗಳನ್ನೂ ಮುಚ್ಚಿ ಊದುವ ತೀರ ಕೆಳಗಿನ ಸ್ವರ. ಒಂದು ಕಡೆ ಸೋರಿದರೂ ಅದು ಹುಟ್ಟದು.

ದೇವೀರ ಊದಿದ. ತುಂಬಿದ ಕೊಡದಂಥ ನಾದ ಹೊರಟಿತು. ಸುಯ್ಯಾಸುರ ಸಂದಿಗಾಗಿ ತಡಕಾಡಿದ. ಅತ್ತ ಮುಚ್ಚಿದೆ, ಇತ್ತ ಮುಚ್ಚಿದೆ. "ದಾರಿ ಬಿಡೋ!" ಎಂದು ಕಿರುಚುತ್ತ ನಾದದ ಜೊತೆಗೇ ಹೊರಬಿದ್ದು ಸಾವಿರ ಚೂರಾದ. ಆ ಚೂರುಗಳು ಬಟ್ಟೆ ಒಣಗಿಸುವ ಪುಟ್ಟ ಪುಟ್ಟ ಗಾಳಿಗಳಾಗಿ ಇವತ್ತಿಗೂ ಹಿತ್ತಲುಗಳಲ್ಲಿ ದುಡಿಯುತ್ತಿವೆ.

ಬಾತುಕೋಳಿಗಳೆಲ್ಲ ಮನುಷ್ಯರಾದವು. ಮಹಾರಾಜರು ಎದ್ದು ನೋಡಿದರೆ ಕೆಳಗೆ ಒಂದು ಮೊಟ್ಟೆ ಇತ್ತು. ಯಾರೂ ಏನೂ ಕೇಳಲಿಲ್ಲ, ಕೇಳುವಂಥ ಪರಿಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಕೊಳದ ನಡುವೆ ಸೊಂಟದ ನೀರಲ್ಲಿ ತಿಮ್ಮಾಜಿ ನಿಂತಿದ್ದಳು. ಬಾಯಲ್ಲಿದ್ದ ಪಾಚಿ ಉಗಿದು ಕೂಗಿದಳು:

"ಲೋ ದೇವೀರಾ! ಅದೇನೋ ಊದೋದು, ಎಮ್ಮೆ ಕರೆದ ಹಾಗೆ? ಕೊಡೋ ಇಲ್ಲಿ!"

ಆ ಬೈಗುಳ ಕೇಳಿ ದೇವೀರ ಕೂತಲ್ಲೇ ಅತ್ತುಬಿಟ್ಟ, ನಗುತ್ತಾ. ಅಕ್ಕ ನುಡಿಸಿದಳು, ಊರು ಕುಣಿಯಿತು, ಹಾಲು ಉಕ್ಕಿತು, ಇಡ್ಲಿ ಹೂವಾಯಿತು. ಅಲ್ಲಿಂದಾಚೆ ಮೊಗ್ಗಿನಕೋಟೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು, ಮನಸು ತುಂಬ ನಕ್ಕು, ಸುಖವಾಗಿ ಬಾಳಿದರು.